ಗುರುಮಲ್ಲಪ್ಪ ಮೇಷ್ಟ್ರ ಗಾಡಿಯ ಕೆಂಪು ದೀಪ

ದೇವರು ಬುದ್ಧಿ ಹಂಚುತ್ತಿದ್ದ ದಿನ ಎಲ್ಲರೂ ನೂಕುನುಗ್ಗಲಲ್ಲಿ ನಿಂತಿದ್ದರಂತೆ. ಮಂಟೇಸನನ್ನು ನೋಡಿ ದೇವರು, "ನೀನು ಕರೆದಾಗ ಬಾ" ಅಂದನಂತೆ. ಆಮೇಲೆ ಆ ಗಲಾಟೆಯಲ್ಲಿ ಕರೆಯುವುದನ್ನೇ ಮರೆತನಂತೆ. ಪಾಪ, ಮಂಟೇಸ ಇವತ್ತಿಗೂ ಕರೆಯಲಿ ಅಂತ ಕಾಯುತ್ತಲೇ ಇದ್ದಾನೆ. ಅವನದೇನು ತಪ್ಪು, ನೀವೇ ಹೇಳಿ. ಹೇಳಿದ ಮಾತು ಮೀರುವವನಲ್ಲ ಅವನು.

ತಿ. ನರಸೀಪುರದ ದಾರಿಯಲ್ಲಿ ಕೈಮರ ಅಂತ ಒಂದು ಊರು. ಊರ ಬಾಗಿಲಲ್ಲಿ ಒಂದು ಗ್ಯಾರೇಜು, ಗ್ಯಾರೇಜಿನ ಗೋಡೆಗೆ ಅಂಟಿಕೊಂಡು ಒಂದು ಟೀ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಗ್ಯಾರೇಜು ರಾಚಪ್ಪನದು. ಟೀ ಅಂಗಡಿ ಅವನ ತಂಗಿ ಚೆನ್ನಾಜಮ್ಮನದು. ಚೆನ್ನಾಜಮ್ಮನಿಗೆ ಗಂಡ ತೀರಿಹೋಗಿ ಹತ್ತು ವರ್ಷ, ಉಳಿದವನು ಒಬ್ಬನೇ ಮಗ. ಆ ಒಬ್ಬನೇ ಮಗ ಮಂಟೇಸ, ಮಾವನ ಗ್ಯಾರೇಜಿನಲ್ಲೇ ಕೈಯಾಳು, ಗಾಡಿ ಓಡಿಸಲೂ ಕಲಿತಿದ್ದ. ವಯಸ್ಸು ಇಪ್ಪತ್ತೆಂಟು, ಮೈ ನೋಡಿದರೆ ಪೈಲ್ವಾನ, ಮುಖ ನೋಡಿದರೆ ಹಾಲುಗಲ್ಲದ ಕೂಸು.

ಒಂದು ದಿನ ಚೆನ್ನಾಜಮ್ಮ, ಹಾಲು ಉಕ್ಕುವವರೆಗೂ ನೋಡ್ತಾ ಇರು ಮಗ ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಒಲೆಯೆಲ್ಲ ಹಾಲು, ನೆಲವೆಲ್ಲ ಹಾಲು, ಪಾತ್ರೆ ಮಾತ್ರ ಖಾಲಿ. ಮಂಟೇಸ ಪಕ್ಕದಲ್ಲೇ ಕೈಕಟ್ಟಿ ಕೂತಿದ್ದ.

"ಉಕ್ತು ಕನವ್ವ. ನೋಡ್ದೆ" ಅಂದ.

ಇಂಥ ಮಗನಿಗೆ ಹೆಣ್ಣು ಕೊಡುವವರು ಯಾರು? ಚೆನ್ನಾಜಮ್ಮನಿಗೆ ಅದೇ ಕೊರಗು. ನಾನು ಕಣ್ಮುಚ್ಚಿದರೆ ಇವನ ಗತಿಯೇನು, ನಮ್ಮನೆಗೆ ದೀಪ ಹಚ್ಚುವ ಹೆಣ್ಣು ಬರುತ್ತಾಳೋ ಇಲ್ಲವೋ ಅಂತ ಬೋಂಡ ಕರಿಯುವಾಗಲೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕಣ್ಣು ಇದ್ದದ್ದು ಅಣ್ಣನ ಮಗಳ ಮೇಲೆ. ಅಣ್ಣನ ಮಗಳು ಕಮಲಾಕ್ಷಿ, ಎಲ್ಲರ ಬಾಯಲ್ಲಿ ಕಮ್ಲಿ, ಗ್ಯಾರೇಜಿನ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಮಂಟೇಸನಿಗೆ ಕೆಲಸ ಹೇಳಲು ಬರುತ್ತಿದ್ದದ್ದು ಊರಲ್ಲಿ ಅವಳೊಬ್ಬಳಿಗೇ. "ಬಾವ, ಹಾಲು ನೋಡು. ಮೇಲೆ ಬಂತು ಅಂದ್ರೆ ಗ್ಯಾಸ್ ತಿರುಗ್ಸು. ಇಕ್ಕಳದಲ್ಲಿ ಇಳ್ಸು. ತಟ್ಟೆ ಮುಚ್ಚು. ಆಮ್ಯಾಕೆ ಎದ್ದೋಗು" ಅಂತ ತಲೆಯಿಂದ ಬಾಲದವರೆಗೆ ಹೇಳುತ್ತಿದ್ದಳು. ಒಂದು ತೊಟ್ಟು ಹಾಲು ಚೆಲ್ಲುತ್ತಿರಲಿಲ್ಲ.

ಆದರೆ ರಾಚಪ್ಪ ಒಪ್ಪಬೇಕಲ್ಲ. ನಿನ್ನ ಮಗನಿಗೆ ಹೆಣ್ಣು ಕೊಡುವುದೂ ಒಂದೇ, ಬಾವಿಗೆ ತಳ್ಳುವುದೂ ಒಂದೇ ಅಂತ ತಂಗಿಯ ಮುಖಕ್ಕೇ ಹೇಳಿದ್ದ. ನಂಜನಗೂಡಿನಿಂದ ಗಂಡಿನ ಕಡೆಯವರು ಕಮ್ಲಿಯನ್ನು ನೋಡಲು ಬರುವುದು ಅಂತಲೂ ಆಗಿತ್ತು, ಬರುವ ಭಾನುವಾರವೇ.

ಆ ಭಾನುವಾರಕ್ಕೆ ಮುಂಚಿನ ಸೋಮವಾರ ಗುರುಮಲ್ಲಪ್ಪ ಮೇಷ್ಟ್ರ ಗಾಡಿ ಗ್ಯಾರೇಜಿಗೆ ಬಂತು. ಮೇಷ್ಟ್ರು ರಿಟೈರ್ ಆದ ಮೇಲೆ ಕೊಂಡ ಹಳೇ ಡೀಸೆಲ್ ಗಾಡಿ ಅದು, ಎಂಟು ಜನ ಕೂರಬಹುದು. ಓಡಿಸುವುದು ಮೇಷ್ಟ್ರಿಗೆ ಬಾರದು, ಹಿಂದಿನ ಸೀಟಲ್ಲಿ ಕೂರುವುದು ಚೆನ್ನಾಗಿ ಬರುತ್ತದೆ. ಒಂದು ಲಕ್ಷ ಕಿಲೋಮೀಟರ್ ದಾಟಿದ ದಿನ ಅದರ ಮೀಟರ್ ಬೋರ್ಡಿನಲ್ಲಿ ಕುಂಕುಮದ ಬೊಟ್ಟಿನಷ್ಟು ಒಂದು ಕೆಂಪು ದೀಪ ಹತ್ತಿಕೊಂಡಿತು. ರಾಚಪ್ಪನದು ಟ್ರ್ಯಾಕ್ಟರ್ ರಿಪೇರಿಯ ಕೈ, ಈ ಜಾತಿಯ ಗಾಡಿಗೆ ಕೈ ಹಾಕುತ್ತಿದ್ದದ್ದು ಅದೇ ಮೊದಲು. ಆದರೂ ನೋಡಿದ ಕೂಡಲೇ, ಇದು ಟೈಮಿಂಗ್ ಬೆಲ್ಟ್ ಬದಲಾಯಿಸು ಅಂತ ಕೇಳುವ ದೀಪ, ಒಂದು ದಿನದ ಕೆಲಸ ಅಂದ. ಮೇಷ್ಟ್ರು ನಂಬಿ ಮನೆಗೆ ಹೋದರು.

ಟೈಮಿಂಗ್ ಬೆಲ್ಟ್ ಅಂದರೆ ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಎಂಜಿನ್ನಿನ ಮೇಲಿನ ಚಕ್ರ, ಕೆಳಗಿನ ಚಕ್ರ ಎರಡನ್ನೂ ಒಂದೇ ತಾಳಕ್ಕೆ ಕುಣಿಸುವುದು ಅದರ ಕೆಲಸ. ಒಂದು ಹಲ್ಲು ಹಿಂದೆಮುಂದಾದರೂ ತಾಳ ತಪ್ಪುತ್ತದೆ. ಅದಕ್ಕೇ ರಾಚಪ್ಪ ಚಕ್ರಗಳಿಗೆ ಬಿಳಿ ಬಣ್ಣದ ಗುರುತು ಹಾಕಿ, ಹಳೇ ಬೆಲ್ಟು ಬಿಚ್ಚಿ, ಮಂಟೇಸನ ಕೈ ಹಿಡಿದು ಮೇಲಿನ ಚಕ್ರದ ಮೇಲೆ ಇಟ್ಟ. ಪೇಟೆಗೆ ಹೋಗಿ ಹೊಸ ಬೆಲ್ಟು ತರುತ್ತೇನೆ, ನಾನು ಬರುವವರೆಗೂ ಈ ಗುರುತು ಅಲ್ಲಾಡಬಾರದು ಅಂದ.

"ಏನೇ ಆಗ್ಲಿ, ಕೈ ಬಿಡ್ಬ್ಯಾಡ."

"ಆಯ್ತು ಮಾವ."

ರಾಚಪ್ಪ ಅತ್ತ ಹೋದ, ಇತ್ತ ಒಂದು ಮೇಕೆ ಒಳಗೆ ಬಂತು. ರಾಚಪ್ಪ ಮಧ್ಯಾಹ್ನಕ್ಕೆ ಅಂತ ಬಾಳೆ ಎಲೆಯಲ್ಲಿ ಕಟ್ಟಿಟ್ಟಿದ್ದ ಇಡ್ಲಿ ತಿಂದಿತು. ಬಾಳೆ ಎಲೆ ತಿಂದಿತು. ಕ್ಯಾಲೆಂಡರಿನಲ್ಲಿ ಮುಂದಿನ ಮೂರು ತಿಂಗಳು ತಿಂದಿತು. ಮಂಟೇಸ ಚಕ್ರ ಹಿಡಿದುಕೊಂಡೇ, ಬ್ಯಾಡ ಕನಮ್ಮ, ಮಾವ ಬೈತದೆ ಅಂತ ಮೆತ್ತಗೆ ಬುದ್ಧಿ ಹೇಳಿದ. ಮೇಕೆ ಕೇಳಲಿಲ್ಲ.

ರಾಚಪ್ಪ ಹಸಿದು ಬಂದ. ನೋಡಿದ. ಮೈಯೆಲ್ಲ ಉರಿಯಿತು. ಕಣ್ಣೆದುರಿಗೆ ಮೇಕೆ ಮೇಯುತ್ತಿದ್ದರೆ ಸುಮ್ಮನೆ ನೋಡುತ್ತಿದ್ದೆಯಲ್ಲೋ, ಬಾಯಿರಲಿಲ್ಲವೇನೋ ನಿನಗೆ ಅಂತ ಬೈದ. ಗ್ಯಾರೇಜಿಗೆ ಬಂದು ಯಾರೇ ಮೂತಿ ತೂರಿಸಿದರೂ 'ಹೋಯ್' ಅಂತ ಕೂಗಬೇಕು, ಕೈಗೆ ಸಿಕ್ಕಿದ್ದನ್ನು ಬೀಸಿ ಓಡಿಸಬೇಕು, ತಿಳಿಯಿತಾ ಅಂದ.

"ಆಯ್ತು ಮಾವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಮಂಟೇಸ.

ಮಂಟೇಸ ಹೇಳಿದ್ದನ್ನು ಮರೆಯುವವನಲ್ಲ. ಮರೆಯುವವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಾಯಂಕಾಲ ಹೊಸ ಬೆಲ್ಟು ಕೂರಿಸಿದರು. ಮಂಗಳವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ ಬೆಣ್ಣೆ ಕಡೆದ ಹಾಗೆ ಓಡಿತು. ಓಡಿತು ಸರಿ, ಕೆಂಪು ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ರಾಚಪ್ಪ ತಲೆ ಕೆರೆದುಕೊಂಡ. ಎಲ್ಲೋ ಒಂದು ಹಲ್ಲು ತಪ್ಪಿರಬೇಕು ಅಂತ ಮುಚ್ಚಳ ಬಿಚ್ಚಿ, ಬೆಲ್ಟು ಬಿಚ್ಚಿ, ಗೊತ್ತಿರುವ ಮೆಕ್ಯಾನಿಕ್ ಒಬ್ಬನನ್ನು ಕೇಳೋಣ ಅಂತ ಫೋನ್ ಹಿಡಿದು ಹೊರಗೆ ಹೋದ.

ಆಗಲೇ ಗುರುಮಲ್ಲಪ್ಪ ಮೇಷ್ಟ್ರು ಬರಬೇಕೇ? ಬಿಳಿ ಪಂಚೆ, ಕೈಯಲ್ಲಿ ಕೊಡೆ. ತಮ್ಮ ಗಾಡಿಯ ಹೊಟ್ಟೆ ಬಗೆದಿದ್ದು ನೋಡಿ ಒಳಗೆ ನುಗ್ಗಿದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಬಾನೆಟ್ಟಿನೊಳಗೆ ಮೂತಿ ತೂರಿಸಿದರು.

"ಹೋಯ್!"

ಮಂಟೇಸನ ಕೈಗೆ ಸಿಕ್ಕಿದ್ದು ಹಳೇ ಬೆಲ್ಟು. ಗಾಳಿಯಲ್ಲಿ ಬೀಸಿದ ನೋಡಿ, ಮೇಷ್ಟ್ರು ಕೊಡೆ ಅಲ್ಲಿ, ಚಪ್ಪಲಿ ಇಲ್ಲಿ ಅಂತ ಓಡಿದರು. ಮಂಟೇಸ ಬಿಡಲಿಲ್ಲ, ಹೋಯ್ ಹೋಯ್ ಅನ್ನುತ್ತಾ ಹಿಂದೆಯೇ ಓಡಿದ. ಮೂವತ್ತೈದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರು ಟೀ ಅಂಗಡಿಯ ಬೆಂಚು ಹತ್ತಿ ತಾವೇ ನಿಂತರು.

ಚೆನ್ನಾಜಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದು ಮಗನನ್ನು ತಡೆದಳು. ಮೇಷ್ಟ್ರ ಕಾಲಿಗೆ ಬಿದ್ದಳು. ಮೇಷ್ಟ್ರನ್ನೂ ಮೇಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆಯಲ್ಲೋ ಪಾಪಿ ಅಂತ ಹಣೆ ಚಚ್ಚಿಕೊಂಡಳು. ದೊಡ್ಡವರು ಬಂದರೆ ಹೀಗಲ್ಲ ಮಗ, ಮೊದಲು ಕೈ ಮುಗಿಯಬೇಕು, ಕುಡಿಯಲು ಏನಾದರೂ ಕೊಡಬೇಕು, ಆಮೇಲೆ ಏನಾಗಬೇಕಿತ್ತು ಅಂತ ವಿನಯವಾಗಿ ಕೇಳಬೇಕು ಅಂತ ಹೇಳಿಕೊಟ್ಟಳು.

"ಆಯ್ತು ಕನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಬುಧವಾರ ರಾಚಪ್ಪ ಬೆಲ್ಟನ್ನು ಮತ್ತೆ ಕೂರಿಸಿದ. ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಗುರುತಿಗೆ ಗುರುತು ಕೂತಿದೆಯಾ ಅಂತ ನೋಡಿದ. ಕೂತಿತ್ತು. ಒಂದು ಹಲ್ಲೂ ತಪ್ಪಿರಲಿಲ್ಲ. ಸಂಜೆ ಹೊತ್ತಿಗೆ ಕೀಲಿ ತಿರುಗಿಸಿದರೆ ಅದೇ ಎಂಜಿನ್, ಅದೇ ಬೆಣ್ಣೆ ಸದ್ದು, ಅದೇ ಹಾಳು ಕೆಂಪು ದೀಪ. ಒಳಗೆ ಕೂತು ನೋಡ್ತಾ ಇರು ಅಂತ ಮಂಟೇಸನಿಗೆ ಹೇಳಿ, ರಾಚಪ್ಪ ಹೊರಗೆ ಟೈರಿನ ಮೇಲೆ ತಲೆ ಹಿಡಿದು ಕೂತ.

ಮಂಟೇಸ ಒಳಗೆ ಕೂತು ನೋಡಿದ. ಹೊತ್ತು ಮುಳುಗುತ್ತಿತ್ತು. ಮಬ್ಬಿನಲ್ಲಿ ದೀಪ ಕೆಂಪಗೆ, ತಣ್ಣಗೆ ಉರಿಯುತ್ತಿತ್ತು. ಮುಸ್ಸಂಜೆಯ ದೀಪ ಅಂದರೆ ಲಕ್ಷ್ಮಿ ಮನೆಗೆ ಬಂದ ಹಾಗೆ ಅಂತ ಅವ್ವ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ನಮ್ಮ ಕಡೆ ಟ್ಯೂಬ್‌ಲೈಟ್ ಹಾಕಿದರೂ ಸಂಜೆಯಾದರೆ ಒಂದು ಸಲ ಕೈ ಮುಗಿಯುವುದು ಇದ್ದೇ ಇದೆ. ಮಂಟೇಸ ಕೈ ಮುಗಿದ. ಮುಗಿದ ಮೇಲೆ ನಿನ್ನೆಯ ಬುದ್ಧಿಮಾತು ನೆನಪಾಯಿತು. ಲಕ್ಷ್ಮಿಗಿಂತ ದೊಡ್ಡವರು ಯಾರು? ಬಂದು ಮೂರು ದಿನವಾಯಿತು, ಒಬ್ಬರಾದರೂ ಒಂದು ಲೋಟ ಟೀ ಕೊಟ್ಟಿಲ್ಲ. ಅವನಿಗೆ ನಾಚಿಕೆಯಾಯಿತು.

ಓಡಿಹೋಗಿ ಅವ್ವನ ಅಂಗಡಿಯಿಂದ ಶುಂಠಿ ಹಾಕಿದ ಸ್ಪೆಷಲ್ ಟೀ ತಂದ, ದೊಡ್ಡ ಲೋಟದಲ್ಲಿ. ಮೀಟರ್ ಬೋರ್ಡಿನ ಸಂದಿಯಲ್ಲಿ ಮೆಲ್ಲಗೆ, ಒಂದು ತೊಟ್ಟೂ ಹೊರಗೆ ಚೆಲ್ಲದ ಹಾಗೆ, ಪೂರ್ತಿ ಹುಯ್ದ. ವಿನಯವಾಗಿ ಬಗ್ಗಿ, "ಏನಾಗ್ಬೇಕಿತ್ತು ತಾಯಿ?" ಅಂತ ಕೇಳಿದ.

ಹಾರನ್ ಉತ್ತರ ಕೊಟ್ಟಿತು. ಪೋಂ ಅಂತ ಶುರುವಾದದ್ದು ನಿಲ್ಲಲೇ ಇಲ್ಲ. ವೈಪರ್ ಎದ್ದು ಕುಣಿಯಿತು. ಏನೋ ಆಯಿತು ಅಂತ ಊರಿಗೆ ಊರೇ ಬಂದು ನಿಂತಿತು. ರಾಚಪ್ಪ ಬ್ಯಾಟರಿ ವೈರು ಕಿತ್ತ ಮೇಲೆ ಸದ್ದು ನಿಂತಿತು. ಬೆರಳಲ್ಲಿ ಮೀಟರ್ ಬೋರ್ಡು ಸವರಿ ಮೂಸಿ ನೋಡಿದ, ಶುಂಠಿ ವಾಸನೆ ಬಂತು. ಲಕ್ಷ್ಮಿಗೆ ಟೀ ಕೊಟ್ಟೆ ಮಾವ ಅಂದ ಮಂಟೇಸ.

ರಾಚಪ್ಪನ ಕೋಪ ನೆತ್ತಿಗೇರಿತು. ಅದು ಲಕ್ಷ್ಮಿ ಅಲ್ಲ ಕನ್ಲಾ ಬೆಪ್ಪೆ, ಬೆಲ್ಟು ಬೇಕು ಅಂತ ಕಾಯ್ತಾ ಕೂತಿರೋ ದೀಪ ಅಂತ ಕೂಗಾಡಿದ. ಈ ದರಿದ್ರ ದೀಪ ಯಾವತ್ತು ಆರುತ್ತದೋ ಅಂತ ಅನ್ನುತ್ತಿದ್ದ ಹಾಗೇ ಚೆನ್ನಾಜಮ್ಮ ಕಿವಿ ಮುಚ್ಚಿಕೊಂಡಳು. ಮುಸ್ಸಂಜೆಯಲ್ಲಿ ಆರೋ ಮಾತು ಆಡಬೇಡ ಅಣ್ಣ ಅಂದಳು. ಮಗನ ಕಡೆ ತಿರುಗಿ, ನೀನೂ ಕೇಳಿಕೋ, ಮುಸ್ಸಂಜೆ ದೀಪ ಕೆಡಿಸಬಾರದು, ಕೈತಪ್ಪಿ ಕೆಟ್ಟರೂ ಮತ್ತೆ ಹತ್ತುವವರೆಗೆ ಒಂದು ಗುಟುಕು ನೀರು ಕೂಡ ಕುಡಿಯಬಾರದು ಅಂದಳು. ಮಂಟೇಸ ತಲೆಯಾಡಿಸಿದ, ಇನ್ಮೇಲೆ ಹಂಗೇ ಮಾಡ್ತೀನಿ ಅಂದ.

ಆಮೇಲೆ ಚೆನ್ನಾಜಮ್ಮ ತಡೆಯಲಾರದೆ ಅತ್ತುಬಿಟ್ಟಳು. ಬಯ್ಯಿ, ಹೊಡಿ, ಆದರೆ ಇವನ ಕೈ ಬಿಡಬೇಡ ಅಣ್ಣ, ಭಾನುವಾರ ನಂಜನಗೂಡಿನವರಿಗೆ ಬರಬೇಡಿ ಅಂತ ಹೇಳು, ನನಗೆ ಬೇರೆ ಏನೂ ಬೇಡ ಅಂದಳು. ರಾಚಪ್ಪ ನಕ್ಕ. ಅದು ನಗುವಲ್ಲ, ಸಿಟ್ಟು.

"ಆಗ್ಲಿ ತಂಗ್ಯವ್ವ. ಈ ಕೆಂಪು ದೀಪ ನಿನ್ ಮಗನ ಕೈಯಿಂದ ಹೋಗ್ಲಿ, ಆವತ್ತೇ ನನ್ ಮಗಳು ನಿನ್ ಮನೇಲಿ ದೀಪ ಹಚ್ತಾಳೆ. ಊರವ್ರೆಲ್ಲ ಕೇಳಿಸ್ಕೊಳಿ."

ಕಾಗೆ ಬೆಳ್ಳಗಾದ ದಿನ ಕೊಡ್ತೀನಿ ಅಂದ ಹಾಗೆ ಅದು. ಊರವರು ನಗುತ್ತಾ ಚೆದುರಿದರು. ಮೂಲೆಯಲ್ಲಿ ಕಮ್ಲಿಯ ಮಿಷನ್ ಸದ್ದು ಮಾತ್ರ ನಿಂತುಹೋಗಿತ್ತು.

ಗುರುವಾರವೆಲ್ಲ ಟೀ ಒಣಗಿಸುವುದೇ ಆಯಿತು. ರಾಚಪ್ಪ ಮೀಟರ್ ಬೋರ್ಡಿನ ಗಾಜು ತೆಗೆದು, ಕಮ್ಲಿಯ ಟೇಬಲ್ ಫ್ಯಾನ್ ಹಚ್ಚಿಟ್ಟ. ಒರೆಸುವಾಗ ಕೆಂಪು ದೀಪದ ಪಕ್ಕದಲ್ಲಿದ್ದ ಒಂದು ಚಿಕ್ಕ ರಬ್ಬರ್ ಬಿರಡೆ ಕಿತ್ತು ಬಂದು ಎಲ್ಲೋ ಉರುಳಿಹೋಯಿತು. ಅದರ ಹಿಂದೆ ಕಡಲೆಕಾಳಿನಷ್ಟು ಒಂದು ಒತ್ತುವ ಗುಂಡಿ ಇತ್ತು. ಇದೇನೋ ಬೇಕಿಲ್ಲದ್ದು ಅಂತ ರಾಚಪ್ಪ ಅದರ ಕಡೆ ನೋಡಲೂ ಇಲ್ಲ. ಬುದ್ಧಿವಂತರು ಹಾಗೇ, ತಮಗೆ ಗೊತ್ತಿಲ್ಲದ್ದೆಲ್ಲ ಬೇಕಿಲ್ಲದ್ದು.

ಅವತ್ತೇ ಹೂ ಮಾರುವ ನಿಂಗರಾಜಮ್ಮ ತನ್ನ ಮೊಪೆಡ್ ತಳ್ಳಿಕೊಂಡು ಬಂದಳು, ಪಂಕ್ಚರ್. ಮಂಟೇಸ ಕಾಲು ಗಂಟೆಯಲ್ಲಿ ಪಂಕ್ಚರ್ ಹಾಕಿ, ಗಾಳಿ ತುಂಬಿ, ಒರೆಸಿ ನಿಲ್ಲಿಸಿದ. ಹಾಕು ಅಂದಿದ್ದರು, ಹಾಕಿದ. ಆಯಿತು ಅಂತ ಹೇಳು ಅಂತ ಯಾರೂ ಹೇಳಿರಲಿಲ್ಲ, ಹೇಳಲಿಲ್ಲ. ನಿಂಗರಾಜಮ್ಮ ಹೊರಗೆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದಳು. ಬುಟ್ಟಿಯ ಮಲ್ಲಿಗೆಯೆಲ್ಲ ಬಾಡಿದ ಮೇಲೆ ವಿಷಯ ತಿಳಿದು, ಅವಳು ಬೈದ ಬೈಗುಳಕ್ಕೆ ಫ್ಯಾನ್ ಇಲ್ಲದೆಯೇ ಮೀಟರ್ ಬೋರ್ಡು ಒಣಗಬೇಕಿತ್ತು.

ಈ ಸಲ ಬುದ್ಧಿ ಹೇಳಿದವಳು ಕಮ್ಲಿ. ಮಿಷನ್ ಬಿಟ್ಟು ಎದ್ದು ಬಂದು, ಮುಖಕ್ಕೆ ಮುಖ ಕೊಟ್ಟು, ತಲೆಯಿಂದ ಬಾಲದವರೆಗೆ ಹೇಳಿದಳು.

"ಬಾವ, ಕೆಲ್ಸ ಆದ್ಮೇಲೆ ಸುಮ್ನೆ ಕೂರ್ಬಾರ್ದು. ಯಾರು ಕಾಯ್ತಾ ಅವ್ರೆ ನೋಡು. ಅವ್ರತ್ರ ಹೋಗು. ಪಕ್ಕದಲ್ಲಿ ಬೆಲ್ ಗುಂಡಿ ಇದ್ರೆ ಒತ್ತು. 'ನಿಮ್ ಕೆಲ್ಸ ಆಯ್ತು' ಅನ್ನು. ಆಗ ಅವ್ರು ಹೋಯ್ತಾರೆ."

"ಆಯ್ತು ಕಮ್ಲಿ, ಇನ್ಮೇಲೆ ಹಂಗೇ ಮಾಡ್ತೀನಿ."

ಶುಕ್ರವಾರ. ರಾಚಪ್ಪ ಮೂರನೇ ಸಲ ಬೆಲ್ಟು ಬಿಚ್ಚಿದ, ಮೂರನೇ ಸಲ ಕೂರಿಸಿದ. ಎಲ್ಲ ಸರಿಯಾಗಿತ್ತು. ದೀಪವೂ ಸರಿಯಾಗಿ ಉರಿಯುತ್ತಿತ್ತು. ಸಂಜೆ ಮೇಷ್ಟ್ರು ಬಂದರು, ಕಂಕುಳಲ್ಲಿ ಒಂದು ಪುಸ್ತಕ. ಗಾಡಿ ಕೊಂಡಾಗ ಅದರ ಜೊತೆ ಬಂದ ಪುಸ್ತಕವಂತೆ, ಕೊಳೆಯಾಗಬಾರದು ಅಂತ ಕಂದು ಕಾಗದದ ರಟ್ಟು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರಂತೆ. ಓದಿರಲಿಲ್ಲ. ಬೆಂಚಿನ ಮೇಲೆ ಕೂತು ಮೊದಲ ಪುಟದಿಂದ ಓದಲು ಶುರು ಮಾಡಿದರು. ಪಕ್ಕದಲ್ಲಿ ರಾಚಪ್ಪ, ಸೋತ ಮುಖ ಹೊತ್ತು ಕೂತ.

ಮಂಟೇಸ ಗಾಡಿಯ ಒಳಗೆ ಒಬ್ಬನೇ ಇದ್ದ. ಕೆಂಪು ದೀಪವನ್ನು ನೋಡಿದ. ದೀಪ ಅವನನ್ನು ನೋಡಿತು. ಬೆಲ್ಟು ಬೇಕು ಅಂತ ಕಾಯ್ತಾ ಕೂತಿರೋ ದೀಪ ಅಂತ ಮಾವ ಹೇಳಿದ್ದ. ಅವನಿಗೆ ನಿಂಗರಾಜಮ್ಮನ ಬಾಡಿದ ಮಲ್ಲಿಗೆ ನೆನಪಾಯಿತು. ಅಯ್ಯೋ, ಬೆಲ್ಟು ಹಾಕಿ ನಾಲ್ಕು ದಿನವಾಯಿತು, ಮೂರು ಮೂರು ಸಲ ಹಾಕಿದ್ದೇವೆ, ಇದಕ್ಕೆ ಯಾರೂ ಹೇಳಿಯೇ ಇಲ್ಲ! ಪಾಪ, ಕಾಯುತ್ತಲೇ ಕೂತಿದೆ. ಪಕ್ಕದಲ್ಲಿ ನೋಡಿದ. ಬೆಲ್ ಗುಂಡಿ ಇತ್ತು. ಒತ್ತಿದ.

"ನಿಮ್ ಬೆಲ್ಟು ಹಾಕಾಯ್ತು ಕನವ್ವ" ಅಂದ.

ದೀಪ ಹೊರಟುಹೋಯಿತು.

ಮಂಟೇಸ ಕೂಗಿದ. ರಾಚಪ್ಪ ಓಡಿ ಬಂದ. ಕೀಲಿ ತೆಗೆದು ಮತ್ತೆ ಹಾಕಿದ, ಎಂಜಿನ್ ಓಡಿಸಿದ, ನಿಲ್ಲಿಸಿದ, ಮತ್ತೆ ಓಡಿಸಿದ. ದೀಪ ಇಲ್ಲ. ಅಷ್ಟರಲ್ಲಿ ಮೇಷ್ಟ್ರು ನೂರ ಹನ್ನೆರಡನೇ ಪುಟಕ್ಕೆ ಬೆರಳಿಟ್ಟುಕೊಂಡು ಬಂದರು. ಪಾಠ ಮಾಡುವ ದನಿಯಲ್ಲಿ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಿದರು: ಈ ದೀಪ ಹತ್ತುವುದು ಕೆಟ್ಟಿದೆ ಅಂತಲ್ಲ, ಒಂದು ಲಕ್ಷ ಕಿಲೋಮೀಟರ್ ಆಯಿತು ಅಂತ ಲೆಕ್ಕ ಹಿಡಿದು ಹತ್ತುವುದು. ಬೆಲ್ಟು ಹಾಕಿದ ಮೇಲೆ ಗುಂಡಿ ಒತ್ತಿ ಗಾಡಿಗೆ ತಿಳಿಸತಕ್ಕದ್ದು. ಇನ್ನು ಅದು ಮತ್ತೆ ಹತ್ತಿಕೊಳ್ಳುವುದು ಇನ್ನೊಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆಯೇ.

ರಾಚಪ್ಪ ನೆಲ ನೋಡಿದ. ಮೂರು ಸಲ ಬಿಚ್ಚಿದ ಕೈ ನೋಡಿಕೊಂಡ. ಬೆಪ್ಪ ಯಾರು ಅಂತ ಅವನಿಗೇ ಒಂದು ಗಳಿಗೆ ಗೊತ್ತಾಗಲಿಲ್ಲ. ಆದರೂ ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ನಂಜನಗೂಡಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳಿದ, ತಂಗಿಯ ಎದುರಲ್ಲೇ ಹೇಳಿದ. ಚೆನ್ನಾಜಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಬಂತು. ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ಮಂಟೇಸ ಮಾತ್ರ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡ. ನೀರು ಕೊಟ್ಟರೂ ಕುಡಿಯಲಿಲ್ಲ. ನಾಚಿಕೆ ಕನ ಅಂತ ಎಲ್ಲರೂ ನಕ್ಕರು. ಮೇಷ್ಟ್ರನ್ನು ಮನೆಗೆ ಬಿಟ್ಟು ಬಾ ಅಂತ ರಾಚಪ್ಪ ಅವನ ಕೈಗೆ ಕೀಲಿ ಕೊಟ್ಟ. ಮೇಷ್ಟ್ರ ಮನೆ ಅಲ್ಲೇ ಎರಡು ಬೀದಿಯಾಚೆ.

ಅರ್ಧ ಗಂಟೆಯಾಯಿತು. ಮಂಟೇಸ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು. ರಾಚಪ್ಪನ ಫೋನ್ ಹೊಡೆದುಕೊಂಡಿತು, ಆ ಕಡೆ ಮೇಷ್ಟ್ರು.

"ರಾಚಪ್ಪ, ಮೂಗೂರು ದಾಟಿದ್ವಿ. ಎಲ್ಲಿಗಪ್ಪಾ ಅಂದ್ರೆ, ಇನ್ನು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಎಂಬತ್ತೈದು ಕಿಲೋಮೀಟರ್ ಅದೆ, ಆರಾಮಾಗಿ ಕೂತ್ಕೊಳಿ ಅಂತಾನೆ."

ರಾಚಪ್ಪನಿಗೆ ಏನೂ ತಿಳಿಯಲಿಲ್ಲ. ಚೆನ್ನಾಜಮ್ಮನಿಗೆ ತಿಳಿಯಿತು. ಶುಕ್ರವಾರ ಮುಸ್ಸಂಜೆ ಅವನು ಉರಿಯುವ ದೀಪ ಕೆಡಿಸಿದ್ದಾನೆ, ಮತ್ತೆ ಹತ್ತುವವರೆಗೆ ನೀರು ಕುಡಿಯುವುದಿಲ್ಲ. ಹತ್ತಬೇಕಾದರೆ ಲಕ್ಷ ಕಿಲೋಮೀಟರ್ ಓಡಬೇಕು. ಹೊರಟಿದ್ದಾನೆ. ನನ್ನ ಮಗ ಬಾಯಾರಿ ಸಾಯ್ತಾನೆ, ಬಂದ ಭಾಗ್ಯವೂ ಹೋಯಿತು ಅಂತ ಅವಳು ಕುಸಿದು ಕೂತಳು. ರಾಚಪ್ಪ ಫೋನಿಗೆ ಬಾಯಿಟ್ಟು ಎಷ್ಟು ಬೈದರೂ, ಹತ್ತಿದ ಕೂಡಲೇ ಬತ್ತೀನಿ ಮಾವ ಅನ್ನುತ್ತಾನೆಯೇ ಹೊರತು ಬ್ರೇಕ್ ಒತ್ತಲಿಲ್ಲ.

ಕಮ್ಲಿ ಸುತ್ತ ನೋಡಿದಳು. ಈ ಗಲಾಟೆಯಲ್ಲಿ ಅತ್ತೆಯ ಮನೆಯೊಳಗೆ ಕತ್ತಲೆ, ಅಂದಿನ ದೀಪವನ್ನು ಯಾರೂ ಹಚ್ಚಿರಲಿಲ್ಲ. ಅವಳು ಯಾರನ್ನೂ ಕೇಳಲಿಲ್ಲ. ಕೈಕಾಲು ತೊಳೆದು ಒಳಗೆ ಹೋದಳು, ಎಣ್ಣೆ ಹಾಕಿದಳು, ಬತ್ತಿ ಸರಿಮಾಡಿದಳು, ದೀಪ ಹಚ್ಚಿದಳು. ಹೊರಗೆ ಬಂದು ಅಪ್ಪನ ಕೈಯಿಂದ ಫೋನ್ ತಗೊಂಡಳು.

"ಬಾವ, ನಿಮ್ಮನೇಲಿ ನಾನು ದೀಪ ಹಚ್ಚಿವ್ನಿ. ಹತ್ಕೊಂಡದೆ. ಗಾಡಿ ನಿಲ್ಸು. ಊರ ಕಡೆ ತಿರುಗ್ಸು. ಮೇಷ್ಟ್ರ ಮನೆ ಮುಂದೆ ನಿಲ್ಸು. ಅವ್ರನ್ನ ಇಳ್ಸು. ಕೀಲಿ ತಗ್ದು ಅವ್ರ ಕೈಗೆ ಕೊಡು. ನಡ್ಕೊಂಡು ಮನೆಗೆ ಬಾ. ನೀರು ಕುಡಿ."

ಆ ಕಡೆ ಬ್ರೇಕ್ ಕಿರ್ ಅಂದ ಸದ್ದು ಕೇಳಿತು. ಆಮೇಲೆ, "ಹತ್ಕೊಂತಾ? ಹಂಗಾರೆ ಬತ್ತೀನಿ" ಅಂದ ಮಂಟೇಸ.

ಚೆನ್ನಾಜಮ್ಮ ಒಳಗೆ ಇಣುಕಿ ದೀಪ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ರಾಚಪ್ಪನೂ ನೋಡಿದ, ಆದರೆ ಮೀಸೆ ತಿರುವಿಕೊಂಡು ಬೇರೆ ಕಡೆ ಮುಖ ಮಾಡಿದ.

ಮಂಟೇಸ ನಿಲ್ಲಿಸಿದ, ತಿರುಗಿಸಿದ, ಬಂದ, ಇಳಿಸಿದ, ಕೀಲಿ ಕೊಟ್ಟ, ನಡೆದ. ಒಂದೂ ತಪ್ಪಲಿಲ್ಲ. ಮನೆಗೆ ಬಂದು ಒಂದು ಚೊಂಬು ನೀರು ಕುಡಿದ. ಅಲ್ಲಿಗೆ ಕಮ್ಲಿ ಹೇಳಿದ್ದು ಮುಗಿಯಿತು. ಮುಂದೇನು ಅಂತ ಅವಳು ಹೇಳಿರಲಿಲ್ಲ. ಎಂಥ ಜಾಣೆಯೂ ಒಮ್ಮೊಮ್ಮೆ ಬಾಲ ಮರೆಯುತ್ತಾಳೆ.

ಕಮ್ಲಿ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ದೀಪದ ಬೆಳಕು. ಮಂಟೇಸ ನೋಡಿದ. ಇವಳು ಕಾಯುತ್ತಾ ನಿಂತಿದ್ದಾಳೆ. ಕಾಯುವವರ ಹತ್ತಿರ ಹೋಗಬೇಕು. ಹೋದ. ಗುಂಡಿ ಇದೆಯಾ ಅಂತ ನೋಡಿದ. ಇತ್ತು, ಹಣೆಯ ನಡುವೆ, ದುಂಡಗೆ, ಕೆಂಪಗೆ. ಹೆಬ್ಬೆರಳಲ್ಲಿ ಒತ್ತಿದ.

"ನಿಮ್ ಕೆಲ್ಸ ಆಯ್ತು ಕನವ್ವ" ಅಂದ.

ಅಂಟಿಸುವ ಬಿಂದಿ. ಹೆಬ್ಬೆರಳಿಗೆ ಅಂಟಿಕೊಂಡು ಬಂತು.

ಚೆನ್ನಾಜಮ್ಮ ಬೆಚ್ಚಿಬಿದ್ದಳು. ಶುಕ್ರವಾರ, ಮನೆಗೆ ಬಂದ ಲಕ್ಷ್ಮಿಯ ಹಣೆ ಬರಿದು ಮಾಡಿದೆಯಲ್ಲೋ, ಆ ಕೆಂಪನ್ನು ತೆಗೆದ ಜಾಗಕ್ಕೆ ಇಡೋ ಅಂತ ಕೂಗಿದಳು. ಮಂಟೇಸ ಬೆರಳು ನೋಡಿಕೊಂಡು ಯೋಚಿಸಿದ. ಇವತ್ತು ಕೆಂಪು ತೆಗೆದದ್ದು ಎರಡು ಕಡೆ. ಇರುವುದು ಒಂದೇ. ಗಾಡಿಯದು ಮೊದಲು ಹೋದದ್ದು, ಸರದಿ ಅಂದರೆ ಸರದಿ. ಬೆರಳನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಓಡಿದ. ಕಮ್ಲಿ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು, ಆಮೇಲೆ ಪಾಕೀಟಿನಿಂದ ಇನ್ನೊಂದು ಬಿಂದಿ ತೆಗೆದು ಇಟ್ಟುಕೊಂಡಳು. ಎಲ್ಲಿಗೆ ಹೋಗಿದ್ದೆ ಅಂತ ಬಂದವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ.

ಶನಿವಾರ ಬೆಳಗಾಗುತ್ತಲೇ ಮೇಷ್ಟ್ರು ಪಕ್ಕದ ಮನೆಯವನ ಕೈಲಿ ಗಾಡಿ ಓಡಿಸಿಕೊಂಡು ಬಂದರು. ಹಲ್ಲು ಕೂಡ ಉಜ್ಜಿರಲಿಲ್ಲ.

"ರಾಚಪ್ಪ, ದೀಪ ಮತ್ತೆ ಹತ್ಕೊಂಡಿದೆ. ಎಂಜಿನ್ ನಿಲ್ಲಿಸಿದ್ರೂ ಹೋಗಲ್ಲ. ಕೀಲಿ ತೆಗೆದ್ರೂ ಹೋಗಲ್ಲ."

ರಾಚಪ್ಪ ಬಾಗಿಲಿನಿಂದಲೇ ಬಗ್ಗಿ ನೋಡಿದ. ಹೌದು, ಅದೇ ಜಾಗ, ಅದೇ ಕೆಂಪು. ಗುಂಡಿ ಒತ್ತಿದ, ಹೋಗಲಿಲ್ಲ. ಬ್ಯಾಟರಿ ವೈರು ಕಿತ್ತ, ಹೋಗಲಿಲ್ಲ. ಬ್ಯಾಟರಿಯನ್ನೇ ಎತ್ತಿ ಕೆಳಗಿಟ್ಟ, ಆಗಲೂ ಹೋಗಲಿಲ್ಲ. ಹಣೆಯ ಬೆವರು ಒರೆಸಿಕೊಂಡು, ಸ್ಪ್ಯಾನರ್ ಹಿಡಿದು, ನಾಲ್ಕನೇ ಸಲ ಬೆಲ್ಟಿನ ಮುಚ್ಚಳ ಬಿಚ್ಚಲು ಕೂತ. ಕೂತವನು ತಲೆಯೆತ್ತಿ, ಟೀ ಕುಡಿಯುತ್ತಾ ನಿಂತಿದ್ದ ಮಂಟೇಸನನ್ನು ನೋಡಿದ.

"ಅಳಿಯ ದೇವ್ರೇ, ಇದೇನು ಅಂತ ನಿಮ್ಗಾದ್ರೂ ಗೊತ್ತಾ?"

"ನಾನೇ ಹಚ್ಚಿದ್ದು ಮಾವ" ಅಂದ ಮಂಟೇಸ. "ಒಂದು ಕಿಲೋಮೀಟರೂ ಓಡಿಸದೇನೇ."